ಹಾಲುಹಲ್ಲಿನ ಋಣ

ಮಗುವಿನ ಬಾಯಿಂದ ಮೊದಲ ಹಲ್ಲು ಬಿದ್ದಾಗ ಕನ್ನಡನಾಡಿನ ಅನೇಕ ಮನೆಗಳಲ್ಲಿ ಒಂದು ಪುಟ್ಟ ಆಚರಣೆ ನಡೆಯುವುದುಂಟು. ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿ ಹುದುಗಿಸಿ ಮನೆಯ ಮಾಡಿನ ಮೇಲಕ್ಕೆ ಎಸೆಯುತ್ತಾರೆ. ಹಾಗೆ ಎಸೆದರೆ ಹೊಸ ಹಲ್ಲು ಬೇಗನೆ ಮತ್ತು ನೆಟ್ಟಗೆ ಹುಟ್ಟುವುದೆಂದು ಹಿರಿಯರ ನಂಬಿಕೆ. ಉಂಡೆ ಹಂಚಿನ ಮೇಲೆ ನಿಂತರೆ ಮಗುವಿಗೆ ಹಿಗ್ಗು. ಜಾರಿ ಅಂಗಳಕ್ಕೆ ಬಿದ್ದರೆ ಮತ್ತೊಮ್ಮೆ ಎಸೆಯುವ ಆಟ. ಎಸೆದುದರಿಂದ ಹಲ್ಲು ನೆಟ್ಟಗೆ ಬರುವುದೋ ಇಲ್ಲವೋ, ಅದರ ಹಿಂದಿರುವ ಹಾರೈಕೆಯಂತೂ ನಿಜವಾದದ್ದು. ತಮ್ಮ ಮಕ್ಕಳ ಹಲ್ಲು ಸಾಲಾಗಿ, ಅಂದವಾಗಿ ಬರಲಿ ಎಂದು ಬಯಸದ ತಾಯಿತಂದೆಗಳಿಲ್ಲ.

ಆದರೆ ಹಾರೈಕೆಯಿದ್ದಷ್ಟು ಆರೈಕೆ ಇರುವುದಿಲ್ಲ. ಬಿದ್ದ ಹಲ್ಲಿಗೆ ದೊರೆಯುವ ಮರ್ಯಾದೆ ಬಾಯಿಯಲ್ಲಿರುವ ಹಾಲುಹಲ್ಲಿಗೆ ದೊರೆಯುವುದು ಅಪರೂಪ. ಅದರಲ್ಲಿ ಕಪ್ಪುಚುಕ್ಕೆ ಕಾಣಿಸಿಕೊಂಡರೂ, ತಿಂದ ತಿಂಡಿ ಸಿಕ್ಕಿಕೊಂಡು ಮಗು ರಾತ್ರಿಯೆಲ್ಲ ಅತ್ತರೂ, ಹಿರಿಯರ ನಾಲಗೆಯ ಮೇಲೆ ಒಂದು ಮಾತು ಸಿದ್ಧವಾಗಿರುತ್ತದೆ: “ಬೀಳುವ ಹಲ್ಲು ತಾನೆ!” ಈ ಮೂರು ಪದಗಳಿಂದ ಆಗಿರುವ ಹಾನಿಯನ್ನು ಲೆಕ್ಕ ಹಾಕುವುದು ಕಷ್ಟ. ದೊಡ್ಡವರಾದ ಮೇಲೆ ಸೊಟ್ಟಹಲ್ಲಿಗಾಗಿ ನೊಂದುಕೊಳ್ಳುವ ಎಷ್ಟೋ ಜನರ ಕಥೆ, ಅವರು ಆರೇಳು ವರ್ಷದವರಾಗಿದ್ದಾಗ ಯಾರೋ ಆಡಿದ ಆ ಮಾತಿನಿಂದಲೇ ಮೊದಲಾಗಿರುತ್ತದೆ.

ಮನುಷ್ಯನಿಗೆ ಹಲ್ಲು ಎರಡು ಬಾರಿ ಹುಟ್ಟುತ್ತದೆ. ಮೊದಲ ಸರದಿಯದು ಹಾಲುಹಲ್ಲು. ಮಗುವಿಗೆ ಸುಮಾರು 6 ತಿಂಗಳಾದಾಗ ಕೆಳಗಿನ ಬಾಚಿಹಲ್ಲು ವಸಡನ್ನು ಸೀಳಿಕೊಂಡು ಇಣುಕುತ್ತದೆ. ಎರಡೂವರೆಯಿಂದ ಮೂರು ವರ್ಷದ ಹೊತ್ತಿಗೆ 20 ಹಲ್ಲುಗಳೂ ಬಂದು ಸೇರುತ್ತವೆ. ಆರನೆಯ ವರ್ಷದಲ್ಲಿ ಎರಡನೆಯ ಸರದಿ ಆರಂಭವಾಗುತ್ತದೆ. ಮುಂದಿನ ಬಾಚಿಹಲ್ಲುಗಳು ಉದುರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಅದೇ ಸಮಯದಲ್ಲಿ ಬಾಯಿಯ ಹಿಂಭಾಗದಲ್ಲಿ ನಡೆಯುವ ಇನ್ನೊಂದು ಘಟನೆ ಯಾರ ಗಮನಕ್ಕೂ ಬರುವುದಿಲ್ಲ. ಕೊನೆಯ ಹಾಲುಹಲ್ಲಿನ ಹಿಂದೆ, ಯಾವ ಹಲ್ಲನ್ನೂ ಬೀಳಿಸದೆ, ಮೊದಲನೆಯ ಶಾಶ್ವತ ದವಡೆಹಲ್ಲು ಸದ್ದಿಲ್ಲದೆ ಮೇಲೇಳುತ್ತದೆ. ಹಲ್ಲು ಬೀಳದೆ ಹುಟ್ಟಿದ್ದರಿಂದ ಇದೂ ಹಾಲುಹಲ್ಲೇ ಎಂದು ಮನೆಯವರು ಎಣಿಸುವುದುಂಟು. ಬಾಳಿನುದ್ದಕ್ಕೂ ಅನ್ನ ಅಗಿಯಬೇಕಾದ ಹಲ್ಲು ಹೀಗೆ ಹುಟ್ಟಿದಂದಿನಿಂದಲೇ ಅಲಕ್ಷ್ಯಕ್ಕೆ ಗುರಿಯಾಗುತ್ತದೆ. ಹನ್ನೆರಡನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳೆಲ್ಲ ಬಿದ್ದು, ಕೋರೆಹಲ್ಲೂ ಎರಡನೆಯ ದವಡೆಹಲ್ಲೂ ಬಂದು ನಿಲ್ಲುತ್ತವೆ. ಬುದ್ಧಿಹಲ್ಲುಗಳು ಮಾತ್ರ ಹದಿನೇಳು ದಾಟಿದ ಮೇಲೆ ಬರುತ್ತವೆ. ಅವೂ ಸೇರಿದರೆ ಒಟ್ಟು 32.

ಹಾಗಾದರೆ ಕೆಲವೇ ವರ್ಷ ಇದ್ದು ಹೋಗುವ ಹಾಲುಹಲ್ಲಿನ ಕೆಲಸವೇನು? ಅಗಿಯುವುದು, ಮಾತಿನ ಉಚ್ಚಾರಣೆಗೆ ನೆರವಾಗುವುದು, ಇವು ಎಲ್ಲರಿಗೂ ತಿಳಿದಿರುವ ಕೆಲಸಗಳು. ಇವಕ್ಕಿಂತ ಕಡಿಮೆಯಲ್ಲದ ಇನ್ನೊಂದು ಕೆಲಸವಿದೆ. ಅದು ಎಡೆ ಕಾಯುವುದು. ಸಂತೆಯ ದಿನ ತುಂಬಿದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರನ್ನು ಎಲ್ಲರೂ ಕಂಡಿದ್ದಾರೆ. ಟವೆಲ್ ಇರುವವರೆಗೆ ಆ ಸ್ಥಳ ಬರುವವನಿಗೆ ಮೀಸಲು. ಯಾರಾದರೂ ಅದನ್ನು ತೆಗೆದು ಬಿಸಾಡಿದರೆ ಪಕ್ಕದವರು ಒಂದಿಷ್ಟು ಸರಿದು ಕುಳಿತುಕೊಳ್ಳುತ್ತಾರೆ. ಟವೆಲ್ಲಿನ ಒಡೆಯ ಬಂದಾಗ ನಿಂತೇ ಪ್ರಯಾಣ ಮಾಡಬೇಕಾಗುತ್ತದೆ. ಬಾಯಿಯೊಳಗೂ ನಡೆಯುವುದು ಹೀಗೆಯೇ. ದವಡೆಹಲ್ಲುಗಳಿಗೆ ಮುಂದಕ್ಕೆ ಸರಿಯುವ ಸ್ವಭಾವವುಂಟು. ಹಿಂಬದಿಯ ಹಾಲುಹಲ್ಲು ಹುಳುಕು ಹಿಡಿದು ಅಕಾಲದಲ್ಲಿ ಹೋಯಿತೆಂದರೆ, ಅದರ ಹಿಂದಿರುವ ಶಾಶ್ವತ ದವಡೆಹಲ್ಲು ಮೆಲ್ಲಮೆಲ್ಲನೆ ಆ ತೆರಪಿನೊಳಕ್ಕೆ ವಾಲುತ್ತದೆ. ಕೆಲವು ವರ್ಷಗಳ ಮೇಲೆ ನಿಜವಾದ ವಾರಸುದಾರ ಹಲ್ಲು ಮೇಲೇಳುವಾಗ ಅದರ ಮನೆಯನ್ನು ನೆರೆಯವರು ಆಕ್ರಮಿಸಿರುತ್ತಾರೆ. ಅದು ಒಳಗೋ ಹೊರಗೋ ಸೊಟ್ಟಗೆ ಬರುತ್ತದೆ. ಇಲ್ಲವೆ ಮೂಳೆಯೊಳಗೇ ಸಿಕ್ಕಿಕೊಳ್ಳುತ್ತದೆ.

ಈ ವಿಷಯದಲ್ಲಿ ನಿಸರ್ಗದ ಲೆಕ್ಕಾಚಾರ ಬೆರಗುಗೊಳಿಸುವಂಥದು. ಹಿಂಬದಿಯ ಹಾಲುಹಲ್ಲುಗಳು ಅವುಗಳ ಜಾಗಕ್ಕೆ ಬರುವ ಶಾಶ್ವತ ಹಲ್ಲುಗಳಿಗಿಂತ ಅಗಲವಾಗಿರುತ್ತವೆ. ಆದ್ದರಿಂದ ಕೆಳದವಡೆಯ ಒಂದೊಂದು ಪಕ್ಕದಲ್ಲಿ ಸರಾಸರಿ 1.7 ಮಿಲಿಮೀಟರಿನಷ್ಟು ಜಾಗ ಮಿಗುತ್ತದೆ. ಅದು ನೋಡಲು ಅಕ್ಕಿಯ ಕಾಳಿನ ದಪ್ಪದಷ್ಟೇ ಇದ್ದರೂ, ಹಲ್ಲುಗಳು ಒತ್ತಾಗದೆ ಹೊಂದಿಕೊಳ್ಳಲು ಒದಗುವ ಮೂಲಧನ ಅದೇ. ಚಿಕ್ಕ ಮಕ್ಕಳ ಹಾಲುಹಲ್ಲುಗಳ ನಡುವೆ ಸಂದುಗಳಿದ್ದರೆ ತಾಯಂದಿರು ಕಳವಳಪಡುವುದುಂಟು. ವಾಸ್ತವವಾಗಿ ಆ ಸಂದುಗಳು ಶುಭಸೂಚಕವಾದವು. ಮುಂದೆ ಬರಲಿರುವ ದೊಡ್ಡ ಹಲ್ಲುಗಳಿಗೆ ಮಾಡಿಟ್ಟ ಸಿದ್ಧತೆ. ಹಾಲುಹಲ್ಲುಗಳು ಇಕ್ಕಟ್ಟಾಗಿ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದರೆ ಮುಂದಿನ ಸಾಲು ಒತ್ತಾಗುವ ಸಂಭವ ಹೆಚ್ಚು.

ಮಲೆನಾಡಿನ ಒಂದು ಮನೆಯವರು ಏಳು ವರ್ಷದ ಬಾಲಕನನ್ನು ದಂತವೈದ್ಯೆಯ ಬಳಿಗೆ ಕರೆತಂದರೆಂದು ಭಾವಿಸಬಹುದು. ಎರಡು ರಾತ್ರಿ ಲವಂಗದ ಎಣ್ಣೆ ಹಚ್ಚಿದರೂ ಹಲ್ಲುನೋವು ಇಳಿದಿಲ್ಲ. ಜೊತೆಗೆ ಅಜ್ಜಿ, ತಾಯಿ ಮತ್ತು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕ ಬಂದಿದ್ದಾರೆ. ವೈದ್ಯೆ ಪರೀಕ್ಷಿಸಿ, ಹುಳುಕನ್ನು ತೆಗೆದು ಬೇರಿನ ಚಿಕಿತ್ಸೆ ಮಾಡಿದರೆ ಹಲ್ಲನ್ನು ಉಳಿಸಿಕೊಳ್ಳಬಹುದೆಂದು ಹೇಳುತ್ತಾಳೆ.

“ಬೀಳೋ ಹಲ್ಲಿಗೆ ಅಷ್ಟೆಲ್ಲ ಯಾಕೆ ಡಾಕ್ಟರಮ್ಮ? ಕಿತ್ತುಬಿಡಿ” ಎನ್ನುತ್ತಾಳೆ ಅಜ್ಜಿ.

“ಅಜ್ಜೀ, ಎಳೆಯ ಅಡಿಕೆಸಸಿಯ ಪಕ್ಕದಲ್ಲಿ ಬಾಳೆ ಯಾಕೆ ನೆಡ್ತೀರಿ?”

“ಸಸಿಗೆ ಬಿಸಿಲು ಹೊಡೀಬಾರದು ಅಂತ.”

“ಆ ಬಾಳೆ ಕೊನೇತನಕ ಇರುತ್ತದೆಯೆ?”

“ಎಲ್ಲಿಯ ಮಾತು! ಅಡಿಕೆ ಎತ್ತರ ಆದ ಮೇಲೆ ತೆಗೀತೀವಿ.”

“ಹೇಗೂ ತೆಗೆಯೋ ಬಾಳೆ ತಾನೆ ಅಂತ ಮೊದಲನೇ ವರ್ಷವೇ ಕಡಿದುಹಾಕಿದರೆ?”

ಅಜ್ಜಿ ಉತ್ತರ ಕೊಡುವುದಿಲ್ಲ. ಸ್ವಲ್ಪ ಹೊತ್ತು ಮೊಮ್ಮಗನ ಬಾಯಿಯ ಕಡೆ ನೋಡಿ, “ಖರ್ಚು ಎಷ್ಟು ಬೀಳುತ್ತೆ, ಅದನ್ನ ಮೊದಲು ಹೇಳಿ” ಎನ್ನುತ್ತಾಳೆ. ವೈದ್ಯೆ ಹೇಳುತ್ತಾಳೆ. ಹಲ್ಲನ್ನು ಕೀಳಲೇಬೇಕಾಗಿ ಬಂದರೂ ಆ ಸ್ಥಳವನ್ನು ಬರಿದಾಗಿ ಬಿಡಬಾರದು, ನೆರೆಯ ಹಲ್ಲಿಗೆ ಲೋಹದ ಪಟ್ಟಿಯಿಂದ ಕೂರಿಸುವ ತಂತಿಯ ಸಾಧನವೊಂದಿದೆ, ಹೊಸ ಹಲ್ಲು ಬರುವವರೆಗೆ ಅದು ಎಡೆ ಕಾಯುತ್ತದೆ ಎಂದೂ ವಿವರಿಸುತ್ತಾಳೆ. ಅದನ್ನು ಸ್ಪೇಸ್ ಮೇಂಟೈನರ್ ಎಂದು ಕರೆಯುತ್ತಾರೆ.

ಇಷ್ಟು ಹೊತ್ತೂ ಅಕ್ಕ ಗೋಡೆಯ ಬಳಿ ನಿಂತಿದ್ದಾಳೆ. ಅವಳ ಮೇಲಿನ ಹಿಂಬದಿಯ ಹಾಲುಹಲ್ಲುಗಳನ್ನು ಏಳನೆಯ ವರ್ಷದಲ್ಲಿ ಇದೇ ಮಾತು ಹೇಳಿ ಕೀಳಿಸಿದ್ದರು. ಹಿಂದಿನ ಹಲ್ಲುಗಳು ಮುಂದಕ್ಕೆ ಸರಿದವು. ಮೇಲ್ಸಾಲಿನಲ್ಲಿ ತಡವಾಗಿ ಬರುವ ಕೋರೆಹಲ್ಲುಗಳಿಗೆ ಜಾಗ ಉಳಿಯಲಿಲ್ಲ. ಅವು ವಸಡಿನ ಮೇಲ್ಭಾಗದಲ್ಲಿ ಹೊರಕ್ಕೆ ಚಾಚಿಕೊಂಡು ನಿಂತಿವೆ. ತರಗತಿಯಲ್ಲಿ ಕೆಲವರು ಅವಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದಾರೆ. ಅವರಿಗೆ ಅವಳು ‘ಕೋರೆ’. ಅವಳು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲನೆ ಕೇಳುತ್ತಾಳೆ: “ನನ್ನದು ಸರಿಯಾಗುತ್ತದೆಯೆ?”

“ಆಗುತ್ತದೆ ಮಗೂ. ಆದರೆ ಆಗ ಒಂದು ಹಲ್ಲನ್ನು ಕಾಪಾಡಿದ್ದರೆ ಸಾಕಾಗಿತ್ತು. ಈಗ ಸಾಲನ್ನೇ ಸರಿಸಬೇಕು. ಸುಮಾರು ಎರಡು ವರ್ಷ ಹಿಡಿಯುತ್ತದೆ.”

ಇಂಥ ಸಂಭಾಷಣೆ ಎಷ್ಟೋ ಆಸ್ಪತ್ರೆಗಳಲ್ಲಿ, ಬೇರೆ ಬೇರೆ ಮಾತುಗಳಲ್ಲಿ ನಡೆಯುತ್ತಲೇ ಇರುತ್ತದೆ. ಹಲ್ಲಿನ ವಕ್ರತೆ ಪ್ರಾಣಾಂತಿಕವಾದ ರೋಗವಲ್ಲ. ಆದರೂ ಅದನ್ನು ಕೇವಲ ಅಲಂಕಾರದ ವಿಷಯವೆಂದು ತಳ್ಳಿಹಾಕುವಂತಿಲ್ಲ. ಒತ್ತಾಗಿ ಬೆಳೆದ ಹಲ್ಲುಗಳ ಸಂದಿನಲ್ಲಿ ಆಹಾರದ ಚೂರು ಉಳಿಯುತ್ತದೆ. ಉಜ್ಜುವ ಬ್ರಷ್ಷು ಅಲ್ಲಿಗೆ ತಲುಪುವುದಿಲ್ಲ. ಹುಳುಕಿಗೂ ವಸಡಿನ ಕಾಯಿಲೆಗೂ ಅದು ಎಡೆಮಾಡಿಕೊಡುತ್ತದೆ. ಮೇಲಿನ ಬಾಚಿಹಲ್ಲುಗಳು ಬಹಳ ಮುಂದಕ್ಕೆ ಚಾಚಿದ್ದರೆ, ಆಟದಲ್ಲಿ ಎಡವಿ ಬಿದ್ದಾಗ ಮೊದಲ ಪೆಟ್ಟು ಅವುಗಳಿಗೇ ಬೀಳುತ್ತದೆ. ಇವುಗಳಿಗಿಂತ ಆಳವಾದದ್ದು ಮನಸ್ಸಿನ ಪೆಟ್ಟು. ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳದ ಹುಡುಗ, ಭಾಷಣದ ಸ್ಪರ್ಧೆಗೆ ಹೆಸರು ಕೊಡದ ಹುಡುಗಿ, ತರಗತಿಯ ಭಾವಚಿತ್ರದಲ್ಲಿ ತುಟಿ ಬಿಗಿಹಿಡಿದು ನಿಂತಿರುವ ಮಗು, ಇವರ ಮೌನವನ್ನು ಸಂಕೋಚದ ಸ್ವಭಾವವೆಂದು ದೊಡ್ಡವರು ತಿಳಿಯುತ್ತಾರೆ. ಅದು ಹುಟ್ಟುಗುಣವಾಗಿರದೆ, ‘ಹಲ್ಲುಬ್ಬ’ ಎಂಬ ಒಂದು ಅಡ್ಡಹೆಸರಿನ ಫಲವಾಗಿರಬಹುದು. ಕೂಗುವವರಿಗೆ ಅದೊಂದು ಕ್ಷಣದ ವಿನೋದ. ಕೇಳಿಸಿಕೊಳ್ಳುವವರು ಅದನ್ನು ಬಹುಕಾಲ ಹೊತ್ತು ತಿರುಗುತ್ತಾರೆ.

ಹಲ್ಲು ಸೊಟ್ಟಗಾಗಲು ಕಾರಣಗಳು ಹಲವು. ದವಡೆಯ ಆಕಾರವೂ ಹಲ್ಲಿನ ಅಳತೆಯೂ ಬಹುಮಟ್ಟಿಗೆ ವಂಶದಿಂದ ಬರುತ್ತವೆ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಬೆರಳು ಚೀಪುವ ಅಭ್ಯಾಸ ಇನ್ನೊಂದು ಕಾರಣ. ಹಸುಗೂಸು ಬೆರಳು ಚೀಪುವುದು ಸಹಜ. ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ತಾವಾಗಿಯೇ ಅದನ್ನು ಬಿಡುತ್ತಾರೆ. ಶಾಶ್ವತ ಹಲ್ಲುಗಳು ಬರುವ ಕಾಲದಲ್ಲೂ ಅಭ್ಯಾಸ ಮುಂದುವರಿದರೆ ಮೇಲಿನ ಹಲ್ಲುಗಳು ಹೊರಕ್ಕೆ ಬಾಗುತ್ತವೆ, ಅಂಗುಳ ಕಿರಿದಾಗುತ್ತದೆ, ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟುವುದಿಲ್ಲ. ಬೆರಳಿಗೆ ಬೇವಿನೆಣ್ಣೆ ಹಚ್ಚುವುದು, ಗದರುವುದು, ನಾಲ್ಕು ಜನರ ಮುಂದೆ ನಾಚಿಸುವುದು ಮನೆಮನೆಯ ಉಪಾಯಗಳು. ಆದರೆ ಅಂಜಿಕೆಯಿಂದಲೋ ಒಂಟಿತನದಿಂದಲೋ ಬೆರಳನ್ನು ಆಶ್ರಯಿಸಿದ ಮಗುವಿಗೆ ಬೈಗುಳ ಬಿದ್ದರೆ ಅದು ಮತ್ತಷ್ಟು ಬೆರಳಿನ ಮೊರೆಹೊಗುತ್ತದೆ. ಪ್ರೀತಿಯ ಮಾತು, ಬಿಟ್ಟ ದಿನಗಳಿಗೆ ಮೆಚ್ಚುಗೆ, ಕೈಗೊಂದು ಕೆಲಸ, ಇವು ಹೆಚ್ಚು ಫಲಕಾರಿ. ಮೂಗಿನ ಹಿಂಬದಿಯ ಅಡಿನಾಯ್ಡ್ ದಪ್ಪಗಾಗಿ ಸದಾ ಬಾಯಿಯಿಂದಲೇ ಉಸಿರಾಡುವ ಮಕ್ಕಳಿಗೆ ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರ ನೆರವು ಬೇಕು. ಕಾರಣವನ್ನು ಹಾಗೆಯೇ ಉಳಿಸಿ ಹಲ್ಲಿಗೆ ತಂತಿ ಕಟ್ಟುವುದು, ಸೋರುವ ಮಾಡನ್ನು ಬಿಟ್ಟು ನೆಲ ಒರೆಸಿದಂತೆ.

ಸೊಟ್ಟಹಲ್ಲನ್ನು ನೆಟ್ಟಗೆ ಮಾಡುವ ಯತ್ನ ಇಂದಿನದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಇದರ ಪ್ರಸ್ತಾಪ ಮಾಡಿದ್ದಾನೆ. ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಬಂದರೆ, ಹಳೆಯದನ್ನು ತೆಗೆದು, ಹೊಸ ಹಲ್ಲನ್ನು ಅದು ತನ್ನ ಸ್ಥಾನ ಸೇರುವವರೆಗೆ ಪ್ರತಿದಿನ ಬೆರಳಿನಿಂದ ಒತ್ತಬೇಕೆಂದು ಅವನ ಸಲಹೆ. ಎಳೆಯ ವಯಸ್ಸು, ಮೆಲುವಾದ ಒತ್ತಡ, ದಿನದಿನದ ಸಹನೆ, ಈ ಮೂರೂ ಅವನ ಮಾತಿನಲ್ಲಿ ಅಡಗಿವೆ. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ದಂತವೈದ್ಯವನ್ನು ಕುರಿತು ಬರೆದ ತನ್ನ ಗ್ರಂಥದಲ್ಲಿ, ಕುದುರೆಯ ಲಾಳದಂತೆ ಬಾಗಿಸಿದ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಸರಿಸುವ ಕ್ರಮವನ್ನು ವಿವರಿಸಿದನು. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಹಲ್ಲಿನ ವಕ್ರತೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಆ ವಿಂಗಡಣೆಗೆ ಅವನು ಆಧಾರವಾಗಿ ಹಿಡಿದದ್ದು ಆರನೆಯ ವರ್ಷದಲ್ಲಿ ಸದ್ದಿಲ್ಲದೆ ಹುಟ್ಟುವ ಮೊದಲ ಶಾಶ್ವತ ದವಡೆಹಲ್ಲನ್ನು. ಮನೆಯವರು ಹಾಲುಹಲ್ಲೆಂದು ಕಡೆಗಣಿಸುವ ಹಲ್ಲೇ ಶಾಸ್ತ್ರಕ್ಕೆ ಮೂಲಗಂಬವಾಯಿತು. ಮರುವರ್ಷ ಅವನು ಸೇಂಟ್ ಲೂಯಿ ನಗರದಲ್ಲಿ ಈ ವಿದ್ಯೆಗೆಂದೇ ಒಂದು ಶಾಲೆಯನ್ನು ತೆರೆದನು.

ಕಲ್ಲಿನಂತೆ ಗಟ್ಟಿಯಾಗಿ ಕುಳಿತ ಹಲ್ಲು ಚಲಿಸುವುದಾದರೂ ಹೇಗೆ? ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಗೆ ನೇರವಾಗಿ ನಾಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನಂಥ ಪೊರೆಯೊಂದಿದೆ. ತಂತಿಯ ಮೂಲಕ ಮೆಲುವಾದ ಒತ್ತಡ ಕೊಟ್ಟಾಗ ಹಲ್ಲು ಯಾವ ದಿಕ್ಕಿಗೆ ಒತ್ತುವುದೋ ಆ ದಿಕ್ಕಿನ ಮೂಳೆಯನ್ನು ಕೆಲವು ಜೀವಕೋಶಗಳು ಕರಗಿಸುತ್ತವೆ. ಹಿಂದೆ ಉಳಿಯುವ ತೆರಪನ್ನು ಬೇರೆ ಜೀವಕೋಶಗಳು ಹೊಸ ಮೂಳೆಯಿಂದ ತುಂಬುತ್ತವೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಹಲ್ಲು ತಿಂಗಳಿಗೆ ಸರಿಯುವುದು ಸುಮಾರು ಒಂದು ಮಿಲಿಮೀಟರ್ ಮಾತ್ರ. ಅವಸರದಿಂದ ಬಲವಾಗಿ ಎಳೆದರೆ ಬೇರಿಗೇ ಕೇಡು. 1970ರ ದಶಕದ ಆರಂಭದಲ್ಲಿ ಅಮೆರಿಕದ ಜಾರ್ಜ್ ಆಂಡ್ರಿಯಾಸೆನ್ ನಿಕೆಲ್ ಮತ್ತು ಟೈಟೇನಿಯಂ ಬೆರೆತ ತಂತಿಯನ್ನು ಈ ಚಿಕಿತ್ಸೆಗೆ ತಂದಮೇಲೆ ಕೆಲಸ ಇನ್ನಷ್ಟು ನಯವಾಯಿತು. ಬಗ್ಗಿಸಿದರೂ ತನ್ನ ಮೂಲ ಆಕಾರಕ್ಕೆ ಮರಳಲು ಹವಣಿಸುವ ಆ ತಂತಿ, ಹಲ್ಲುಗಳನ್ನೂ ತನ್ನೊಡನೆ ಮೆಲ್ಲನೆ ಕರೆದೊಯ್ಯುತ್ತದೆ. ಜನರ ಬಾಯಲ್ಲಿ ಇದಕ್ಕೆಲ್ಲ ಒಂದೇ ಹೆಸರು, ‘ಕ್ಲಿಪ್ಪು’.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಈ ಶಾಸ್ತ್ರಕ್ಕೆ ಅರ್ಧದಷ್ಟು ಮಾತ್ರ ಒಪ್ಪುತ್ತದೆ. ದೊಡ್ಡವರ ಹಲ್ಲನ್ನೂ ಸರಿಸಬಹುದು. ದವಡೆಯ ಮೂಳೆಯ ಬೆಳವಣಿಗೆಯನ್ನು ತಿದ್ದುವುದು ಮಾತ್ರ ಬೆಳೆಯುವ ವಯಸ್ಸಿನಲ್ಲಿಯೇ ಸುಲಭ. ಅಂಗುಳ ಎರಡು ಭಾಗಗಳು ನಡುವೆ ಕೂಡಿ ಆದದ್ದು. ಬಾಲ್ಯದಲ್ಲಿ ಆ ಕೂಡುಗೆರೆ ಸಡಿಲವಾಗಿರುವುದರಿಂದ ಕಿರಿದಾದ ಅಂಗುಳವನ್ನು ಸಾಧನದ ನೆರವಿನಿಂದ ಅಗಲಿಸಬಹುದು. ವಯಸ್ಸು ಏರಿದಂತೆ ಅದು ಬೆಸೆದುಕೊಳ್ಳುತ್ತದೆ. ಆಮೇಲೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಮೇಲಿನ ಬಾಚಿಹಲ್ಲು ಕೆಳಗಿನದರ ಹಿಂದೆ ಸಿಕ್ಕಿಕೊಂಡಿದ್ದರೆ ಎಳವೆಯಲ್ಲಿ ಒಂದು ಚಿಕ್ಕ ತಟ್ಟೆಯ ಸಾಧನದಿಂದ ಕೆಲವೇ ತಿಂಗಳಲ್ಲಿ ಅದನ್ನು ಸರಿಪಡಿಸಬಹುದು. ಬಿಟ್ಟರೆ ಹಲ್ಲು ಸವೆದು, ವಸಡು ಕೆಳಗಿಳಿಯುತ್ತದೆ. ಈ ಕಾರಣದಿಂದ ಅಮೆರಿಕದ ವಕ್ರದಂತ ತಜ್ಞರ ಸಂಘವು ಮಗುವಿನ ಮೊದಲ ಪರೀಕ್ಷೆ ಏಳು ವರ್ಷದೊಳಗೆ ಆಗಬೇಕೆಂದು ಸಲಹೆ ನೀಡಿದೆ.

ಬೇಗ ಪರೀಕ್ಷಿಸುವುದೆಂದರೆ ಬೇಗ ತಂತಿ ಕಟ್ಟುವುದೆಂದಲ್ಲ. ಈ ಎರಡರ ಭೇದವನ್ನು ತಿಳಿಯದೆ ಹೋದರೆ ಅಲಕ್ಷ್ಯದಿಂದ ಆಗುವಷ್ಟೇ ಕೇಡು ಆತುರದಿಂದಲೂ ಆಗುತ್ತದೆ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಮೇಲಿನ ಬಾಚಿಹಲ್ಲುಗಳು ಬೀಸಣಿಗೆಯಂತೆ ಅಗಲಿ, ನಡುವೆ ಸಂದು ಬಿಡುವುದುಂಟು. ಕೋರೆಹಲ್ಲುಗಳು ಇಳಿದುಬಂದಾಗ ಬಹಳಷ್ಟು ಮಕ್ಕಳಲ್ಲಿ ಆ ಸಂದು ತಾನಾಗಿಯೇ ಮುಚ್ಚುತ್ತದೆ. ಆಂಡರ್ಸನ್ನನ ಕಥೆಯ ಅಂದಗೇಡಿ ಮರಿ ಕೊನೆಗೆ ಹಂಸವಾದುದನ್ನು ನೆನೆದು ದಂತವೈದ್ಯರು ಈ ಅವಸ್ಥೆಗೆ ಆ ಮರಿಯ ಹೆಸರನ್ನೇ ಇಟ್ಟಿದ್ದಾರೆ. ಇಲ್ಲಿ ಬೇಕಾದ ಔಷಧ ಕಾಯುವುದು. ಮುಂದಕ್ಕೆ ಚಾಚಿದ ಹಲ್ಲುಗಳ ವಿಷಯದಲ್ಲಿಯೂ 2018ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ ಎಚ್ಚರದ ಮಾತನ್ನು ಹೇಳಿತು. ಬಾಲ್ಯದಲ್ಲಿ ಒಮ್ಮೆ, ಹದಿಹರೆಯದಲ್ಲಿ ಮತ್ತೊಮ್ಮೆ ಚಿಕಿತ್ಸೆ ಪಡೆದವರಿಗೂ, ಹದಿಹರೆಯದಲ್ಲಿ ಒಂದೇ ಸಲ ಪಡೆದವರಿಗೂ ಕೊನೆಯಲ್ಲಿ ದೊರೆತ ಫಲ ಹೆಚ್ಚುಕಡಿಮೆ ಒಂದೇ; ಬೇಗ ಆರಂಭಿಸಿದ ಮಕ್ಕಳಲ್ಲಿ ಪೆಟ್ಟು ಬಿದ್ದು ಮುಂದಿನ ಹಲ್ಲಿಗೆ ಆಗುವ ಹಾನಿ ಮಾತ್ರ ಕಡಿಮೆ. ಆದ್ದರಿಂದ ಯಾವ ಮಗುವಿಗೆ ಈಗಲೇ ಕೈಹಾಕಬೇಕು, ಯಾವ ಮಗುವನ್ನು ಆರಾರು ತಿಂಗಳಿಗೊಮ್ಮೆ ನೋಡುತ್ತ ಇರಬೇಕು ಎಂಬ ವಿವೇಕವೇ ನುರಿತ ವೈದ್ಯರ ಲಕ್ಷಣ.

ಈ ಚಿಕಿತ್ಸೆ ಎಲ್ಲರ ಕೈಗೆಟುಕುವುದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಡಾಕ್ಟರ್ ರಫಿಯುದ್ದೀನ್ ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದರು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿಯೂ ಮಣಿಪಾಲದ ಕಾಲೇಜು 1965ರಲ್ಲಿಯೂ ಆರಂಭವಾದವು. ಖಾಸಗಿ ಚಿಕಿತ್ಸಾಲಯಗಳಿಗೆ ಹೋಲಿಸಿದರೆ ಇಂಥ ಕಾಲೇಜುಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ವೆಚ್ಚ ಕಡಿಮೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಪರೀಕ್ಷಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಕಾಯಿಲೆಯೂ ಸೇರಿದೆ. ಹಾಗಿದ್ದರೂ ಎರಡು ವರ್ಷ ತಿಂಗಳು ತಿಂಗಳೂ ನಗರಕ್ಕೆ ಬಸ್ಸು ಹತ್ತಿ ಬರುವುದು, ಅಂದಿನ ಕೂಲಿಯನ್ನು ಕಳೆದುಕೊಳ್ಳುವುದು ಬಡವರಿಗೆ ಭಾರವೇ. ಅಂಥ ಮನೆಗಳಲ್ಲಿಯೇ ಹಾಲುಹಲ್ಲನ್ನು ಕಾಪಾಡುವ ವಿವೇಕಕ್ಕೆ ಹೆಚ್ಚಿನ ಬೆಲೆ. ಬೆಳಗ್ಗೆ ಮತ್ತು ರಾತ್ರಿ ಉಜ್ಜುವುದು, ಸಿಹಿ ತಿಂದಮೇಲೆ ಬಾಯಿ ಮುಕ್ಕಳಿಸುವುದು, ಚುಕ್ಕೆ ಕಂಡಾಗಲೇ ಹುಳುಕನ್ನು ತುಂಬಿಸುವುದು, ಇವಕ್ಕೆ ತಗಲುವ ವೆಚ್ಚ ತಂತಿಯ ಚಿಕಿತ್ಸೆಯ ವೆಚ್ಚದ ಮುಂದೆ ಏನೇನೂ ಅಲ್ಲ.

ಅಗ್ಗದ ದಾರಿ ಹುಡುಕುವವರಿಗೆ ಒಂದು ಎಚ್ಚರಿಕೆ ಅಗತ್ಯ. ಹಲ್ಲಿನ ಸಂದು ಮುಚ್ಚಲೆಂದು ರಬ್ಬರಿನ ಬಳೆಯನ್ನು ತಾವೇ ಹಲ್ಲಿಗೆ ಸುತ್ತಿಕೊಳ್ಳುವವರುಂಟು. ಹಲ್ಲಿನ ಆಕಾರ ಬೇರಿನ ಕಡೆಗೆ ಕಿರಿದಾಗುತ್ತ ಹೋಗುವುದರಿಂದ ಆ ಬಳೆ ಜಾರಿ ವಸಡಿನೊಳಗೆ ಇಳಿಯುತ್ತದೆ. ಕಣ್ಣಿಗೆ ಕಾಣದಂತೆ ಬೇರಿನ ಸುತ್ತಲಿನ ಮೂಳೆಯನ್ನು ಹಾಳುಮಾಡುತ್ತದೆ. ಆರೋಗ್ಯವಾಗಿದ್ದ ಬಾಚಿಹಲ್ಲುಗಳನ್ನೇ ಹೀಗೆ ಕಳೆದುಕೊಂಡ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಹಲ್ಲನ್ನು ಸರಿಸುವುದು ಮೂಳೆಯನ್ನು ಮರಳಿ ಕಟ್ಟುವ ಕೆಲಸ. ಕನ್ನಡಿಯ ಮುಂದೆ ನಿಂತು ಮಾಡಿಕೊಳ್ಳುವ ಸಿಂಗಾರವಲ್ಲ.

ವೈದ್ಯರು ತಂತಿ ಕಟ್ಟಿದ ಮೇಲೆ ಉಳಿಯುವ ಹೊಣೆ ಮಗುವಿನದೇ. ಮೊದಲ ಕೆಲವು ದಿನ ಹಲ್ಲು ನೋಯುತ್ತದೆ. ಕೆನ್ನೆಯ ಒಳಭಾಗ ತರಚುತ್ತದೆ. ಹುರಿಗಡಲೆ, ಚಕ್ಕುಲಿ, ಕಬ್ಬುಗಳಿಗೆ ವಿದಾಯ ಹೇಳಬೇಕಾಗುತ್ತದೆ. ಹಲ್ಲಿದ್ದೂ ಕಡಲೆ ತಿನ್ನಲಾಗದ ವಿಚಿತ್ರ ಕಾಲ ಅದು. ಪ್ರತಿ ಊಟದ ನಂತರವೂ ತಂತಿಯ ಸಂದುಗಳನ್ನು ಉಜ್ಜದಿದ್ದರೆ, ಹಲ್ಲು ನೆಟ್ಟಗಾಗುವ ಹೊತ್ತಿಗೆ ಅದರ ಮೇಲೆ ಬಿಳಿಯ ಕಲೆಗಳು ಮೂಡಿರುತ್ತವೆ. ತಂತಿ ತೆಗೆದ ದಿನವೇ ಎಲ್ಲ ಮುಗಿಯಿತೆಂದು ಭಾವಿಸುವುದು ಇನ್ನೊಂದು ತಪ್ಪು. ಸರಿದ ಹಲ್ಲು ಹಳೆಯ ಸ್ಥಾನವನ್ನು ಮರೆಯುವುದಿಲ್ಲ. ಅವಕಾಶ ಸಿಕ್ಕರೆ ಅಲ್ಲಿಗೇ ಹಿಂದಿರುಗುತ್ತದೆ. ಅದನ್ನು ತಡೆಯಲು ರಿಟೈನರ್ ಎಂಬ ಸಾಧನವನ್ನು ಬಹುಕಾಲ ಧರಿಸಬೇಕು. ಎರಡು ವರ್ಷದ ಶ್ರಮವನ್ನು ಎರಡು ತಿಂಗಳ ಉದಾಸೀನದಿಂದ ಹಾಳುಮಾಡಿಕೊಂಡವರಿದ್ದಾರೆ. ಸಹನೆಯನ್ನು ಕಲಿಸುವ ಪಾಠಶಾಲೆಗಳಲ್ಲಿ ಇದೂ ಒಂದು.

ಎಲ್ಲರ ಹಲ್ಲೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಬಗೆಯಾಗಬೇಕೆಂಬುದು ಈ ಚಿಕಿತ್ಸೆಯ ಉದ್ದೇಶವಲ್ಲ. ತುಸು ವಾರೆಯಾದ ಹಲ್ಲು, ನಡುವಿನ ಚಿಕ್ಕ ಸಂದು, ಇವು ಎಷ್ಟೋ ಮುಖಗಳಿಗೆ ಒಪ್ಪುವ ಗುರುತುಗಳು. ಅವು ಇರುವವನಿಗೆ ಬೇಸರವಿಲ್ಲದಿದ್ದರೆ, ಅಗಿಯಲು ಮಾತನಾಡಲು ಅಡ್ಡಿಯಿಲ್ಲದಿದ್ದರೆ, ಅವನ್ನು ತಿದ್ದುವ ಅಗತ್ಯ ಬೇರೆಯವರಿಗಿಲ್ಲ. ಚೆನ್ನಾಗಿ ಅಗಿಯುವ, ಸ್ಪಷ್ಟವಾಗಿ ಮಾತನಾಡುವ, ಅಳುಕಿಲ್ಲದೆ ನಗುವ ಬಾಯಿ ಪ್ರತಿಯೊಂದು ಮಗುವಿಗೂ ಸಲ್ಲಬೇಕಾದದ್ದು. ಅದನ್ನು ಸಲ್ಲಿಸುವುದು ವೈದ್ಯರೊಬ್ಬರ ಕೆಲಸವಲ್ಲ. ಚುಕ್ಕೆಯನ್ನು ಮೊದಲು ಕಾಣುವವಳು ತಾಯಿ. ಬಾಯಿಂದ ಉಸಿರಾಡುವ ಮಗುವನ್ನು ತರಗತಿಯಲ್ಲಿ ಗುರುತಿಸಬಲ್ಲವರು ಉಪಾಧ್ಯಾಯರು. ಅಡ್ಡಹೆಸರನ್ನು ನಾಲಗೆಯ ತುದಿಯಲ್ಲಿಯೇ ತಡೆದು ನಿಲ್ಲಿಸಬಲ್ಲವರು ಜೊತೆಯ ವಿದ್ಯಾರ್ಥಿಗಳು. ತಂಗಿಗೋ ತಮ್ಮನಿಗೋ ಹಲ್ಲು ನೋಯುತ್ತಿದೆಯೆಂದು ತಿಳಿದಾಗ, “ಬೀಳುವ ಹಲ್ಲು ತಾನೆ” ಎಂಬ ಮಾತು ಮನೆಯಲ್ಲಿ ಕೇಳಿಬಂದರೆ, ಅದರ ಹಿಂದೆ ಬರಲಿರುವ ಹಲ್ಲಿನ ಪರವಾಗಿ ಒಂದು ಮಾತನ್ನು ಹೇಳುವಷ್ಟು ತಿಳಿವಳಿಕೆ ಶಾಲೆಗೆ ಹೋಗುವ ಅಕ್ಕನಿಗೂ ಅಣ್ಣನಿಗೂ ಇರಬೇಕು.